ಉಪದ್ರವದ ಲೆಕ್ಕ ಕಾರ್ಮಿಕನಿಗೂ ತಿಳಿಯಲಿ

ಪಿತ್ತಕೋಶದ ಕ್ಯಾನ್ಸರಿಗೆ ಕೊಡುವ ಜೋಡಿ ಔಷಧಗಳಲ್ಲಿ ಯಾವ ಜೋಡಿಯಿಂದ ಯಾವ ಉಪದ್ರವ ಹೆಚ್ಚು ಎಂಬುದು ಡಾಕ್ಟರರಿಗೆ ಸೇರಿದ ವಿಷಯ, ಕಾರ್ಮಿಕರ ಪತ್ರಿಕೆಗೆ ಅದರಲ್ಲೇನು ಕೆಲಸ ಎಂದು ಕೇಳುವ ಮಹನೀಯರಿದ್ದಾರೆ. ಪಗಾರ, ಬೋನಸ್ಸು, ರಜೆ ಇವುಗಳ ಮಾತಾಡಿಕೊಂಡಿರಿ, ದವಾಖಾನೆಯ ಉಸಾಬರಿ ನಿಮಗೇಕೆ ಎಂಬುದು ಅವರ ಇಂಗಿತ. ಆದರೆ ಬಾಟಲಿಯಿಂದ ತೊಟ್ಟಿಕ್ಕುವ ಔಷಧ ಕಾರ್ಮಿಕನ ಕೈಯಿಂದಲೇ ಒಳಗೆ ಹೋಗುತ್ತದೆ. ಆ ಕೈಯಿಂದಲೇ ಅವನ ಪಗಾರವೂ ಬರುತ್ತದೆ. ಬೆರಳಿನ ಸ್ಪರ್ಶ ಕಳೆಯುವ ಔಷಧ ಯಾವುದು, ಮೂತ್ರಪಿಂಡ ಕೆಡಿಸುವುದು ಯಾವುದು, ಹಗಲಿರುಳೆನ್ನದೆ ಪಾಯಿಖಾನೆಗೆ ಓಡಿಸುವುದು ಯಾವುದು ಎಂದು ತಿಳಿಯುವ ಹಕ್ಕು ಅವನಿಗಿಲ್ಲದೆ ಇನ್ನಾರಿಗಿದೆ?

‘ಸೈಡ್ ಎಫೆಕ್ಟ್’ ಎಂಬ ಮಾತನ್ನು ಪಂಡಿತರು ‘ಅಡ್ಡ ಪರಿಣಾಮ’ ಎಂದು ಕನ್ನಡಿಸಿದ್ದಾರೆ. ಪಗಾರಿನ ರಜೆಯುಳ್ಳ ಆಫೀಸರನಿಗೆ ಅದು ಅಡ್ಡವಿರಬಹುದು. ದಿನಗೂಲಿಯವನಿಗೆ ಅಡ್ಡವೆಲ್ಲಿ ಬಂತು? ಅದು ನೆಟ್ಟಗೆ ಬಂದು ಅನ್ನದ ತಟ್ಟೆಗೇ ಕೈ ಹಾಕುತ್ತದೆ. ಆದ್ದರಿಂದ ನಾವು ಇಲ್ಲಿ ‘ಉಪದ್ರವ’ ಎಂಬ ನಮ್ಮ ಹಳೆಯ ಮಾತನ್ನೇ ಬಳಸುತ್ತೇವೆ.

ಮೊದಲು ರೋಗದ ವಿಷಯ ನಾಲ್ಕು ಮಾತು. ಪಿತ್ತಕೋಶವೆಂದರೆ ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಪುಟ್ಟ ಚೀಲ. ಇದರ ಕ್ಯಾನ್ಸರು ಗಂಗಾತೀರದ ಸೀಮೆಗಳಲ್ಲಿ ಬಹಳ, ನಮ್ಮ ದಕ್ಷಿಣದಲ್ಲಿ ಕಡಿಮೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಪಿತ್ತಕೋಶದಲ್ಲಿ ಬಹುಕಾಲ ಕಲ್ಲಿದ್ದವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಹಾಗೆಂದು ಕಲ್ಲಿದ್ದವರೆಲ್ಲ ಹೆದರಬೇಕಾಗಿಲ್ಲ, ಅವರಲ್ಲಿ ಬಹುಮಂದಿಗೆ ಇದು ಬರುವುದೇ ಇಲ್ಲ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಎದುರಿನ ಕಾಲುದಾರಿಯಲ್ಲಿ ಚಾಪೆ ಹಾಸಿ ಕೂತವರನ್ನು ಕೇಳಿ ನೋಡಿ, ಬಿಹಾರ, ಉತ್ತರಪ್ರದೇಶ, ಬಂಗಾಳದವರು ಎಷ್ಟೊಂದು ಮಂದಿ ಸಿಗುತ್ತಾರೆ. ಆದರೆ ಕಡಿಮೆಯೆಂದರೆ ಇಲ್ಲವೆಂದಲ್ಲ. ನಮ್ಮವರಿಗೂ ಬರುತ್ತದೆ, ಬಂದಾಗ ತಡವಾಗಿಯೇ ತಿಳಿಯುತ್ತದೆ. ಕಣ್ಣು ಹಳದಿಯಾದೊಡನೆ ಕಾಮಾಲೆಯೆಂದು ತೀರ್ಮಾನಿಸಿ ಊರಿನ ಬಸ್ಸು ಹತ್ತಿ, ಸೊಪ್ಪಿನ ರಸ ಕುಡಿದು, ಪಥ್ಯ ಮಾಡಿ, ಎರಡು ತಿಂಗಳು ಕಳೆದು ಮರಳುವುದು ನಮ್ಮಲ್ಲಿ ವಾಡಿಕೆ. ಆ ಎರಡು ತಿಂಗಳನ್ನು ಆಮೇಲೆ ಯಾವ ಔಷಧವೂ ಹಿಂದಕ್ಕೆ ಕೊಡಲಾರದು.

ಶಸ್ತ್ರಕ್ರಿಯೆಯಿಂದ ತೆಗೆಯಲಾಗದಷ್ಟು ರೋಗ ಹರಡಿದಾಗ ಉಳಿಯುವುದು ಕಿಮೋ. ಇದರಲ್ಲಿ ಒಂದೇ ಔಷಧಕ್ಕಿಂತ ಎರಡನ್ನು ಜೋಡಿಸಿದರೆ ಮೇಲೆಂಬುದು ಈಗ ಸಿದ್ಧವಾದ ಮಾತು. 2010ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಎಬಿಸಿ-02 ಎಂಬ ಪ್ರಯೋಗದಲ್ಲಿ 410 ಮಂದಿ ರೋಗಿಗಳಿದ್ದರು. ಪಿತ್ತನಾಳದ ಕ್ಯಾನ್ಸರಿನವರೂ ಸೇರಿದ್ದರು, ಪಿತ್ತಕೋಶದವರು ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಜೆಮ್ಸಿಟಾಬಿನ್ ಒಂದನ್ನೇ ಕೊಟ್ಟಾಗ ಬದುಕಿನ ಮಧ್ಯದ ಅಳತೆ 8.1 ತಿಂಗಳು, ಅದಕ್ಕೆ ಸಿಸ್‌ಪ್ಲಾಟಿನ್ ಜೋಡಿಸಿದಾಗ 11.7 ತಿಂಗಳು. ಅದೇ ವರ್ಷ ದಿಲ್ಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯವರು, ಅಂದರೆ ಏಮ್ಸ್‌ನವರು, ಪಿತ್ತಕೋಶದ ಕ್ಯಾನ್ಸರಿನವರನ್ನೇ ತೆಗೆದುಕೊಂಡು ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಬರಿಯ ಉಪಶಮನದ ಆರೈಕೆಯಲ್ಲಿದ್ದವರಿಗೆ 4.5 ತಿಂಗಳು, ಹಳೆಯ ಫ್ಲೋರೋಯುರಾಸಿಲ್ ಚಿಕಿತ್ಸೆಯವರಿಗೆ 4.6, ಜೆಮ್ಸಿಟಾಬಿನ್ ಜೊತೆ ಆಕ್ಸಾಲಿಪ್ಲಾಟಿನ್ ಪಡೆದವರಿಗೆ 9.5 ತಿಂಗಳು.

ಹೀಗೆ ಎರಡು ಜೋಡಿಗಳು ಎದುರುಬದುರು ನಿಂತವು. ಒಂದರಲ್ಲಿ ಸಿಸ್‌ಪ್ಲಾಟಿನ್, ಇನ್ನೊಂದರಲ್ಲಿ ಆಕ್ಸಾಲಿಪ್ಲಾಟಿನ್. ಎರಡೂ ಪ್ಲಾಟಿನಂ ಲೋಹದ ಮಕ್ಕಳು, ದಾಯಾದಿಗಳೆನ್ನಿ. ಯಾವುದು ಮೇಲು? ಇದನ್ನೂ ಏಮ್ಸ್‌ನವರೇ 260 ರೋಗಿಗಳಲ್ಲಿ ತೂಗಿ ನೋಡಿ 2019ರಲ್ಲಿ ಪ್ರಕಟಿಸಿದರು. ಒಂದು ಕಡೆ ಸುಮಾರು 9 ತಿಂಗಳು, ಮತ್ತೊಂದು ಕಡೆ 8 ತಿಂಗಳಿಗೆ ತುಸು ಮೇಲೆ. ಎರಡು ಜೋಡಿಗಳ ನಡುವೆ ಸಂಖ್ಯಾಶಾಸ್ತ್ರ ಒಪ್ಪುವಷ್ಟು ಅಂತರ ಅದರಲ್ಲಿ ಕಾಣಲಿಲ್ಲ.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ತಿಂಗಳುಗಳ ಲೆಕ್ಕದಲ್ಲಿ ಎರಡೂ ಸರಿಸುಮಾರು ಸಮವೆಂದ ಮೇಲೆ ಆಯ್ಕೆಯನ್ನು ನಿರ್ಣಯಿಸಬೇಕಾದದ್ದು ಯಾವುದು? ಉಪದ್ರವವೇ ಅಲ್ಲವೇ? ಮತ್ತು ಉಪದ್ರವದ ಭಾರ ಎಲ್ಲರ ಹೆಗಲಿಗೂ ಒಂದೇ ಅಲ್ಲ. ಅದು ಕಸುಬನ್ನು ನೋಡಿ ಏರುತ್ತದೆ, ಇಳಿಯುತ್ತದೆ. ನಮ್ಮ ತಕರಾರು ಇರುವುದೇ ಈ ಜಾಗದಲ್ಲಿ. ರೋಗಿಯ ವಯಸ್ಸು, ತೂಕ, ರಕ್ತದ ಲೆಕ್ಕ, ಎಲ್ಲ ಕಾಗದದ ಮೇಲೆ ಬರೆಯುತ್ತಾರೆ. ‘ನೀನು ಏನು ಕೆಲಸ ಮಾಡುತ್ತೀ?’ ಎಂದು ಕೇಳಿ, ಅದನ್ನು ಬರೆದುಕೊಂಡು, ಅದರಂತೆ ಔಷಧ ಆರಿಸಿದ್ದನ್ನು ಎಷ್ಟು ಮಂದಿ ಕಂಡಿದ್ದೀರಿ?

ಆಕ್ಸಾಲಿಪ್ಲಾಟಿನ್ನಿನ ಸ್ವಭಾವ ಹೀಗೆ: ಬಾಟಲಿ ಇಳಿದ ದಿನವೇ ತಣ್ಣಗಿನದು ಮುಟ್ಟಿದರೆ ಬೆರಳು ಜುಮುಜುಮು ಎನ್ನುತ್ತದೆ. ಸ್ಟೀಲಿನ ಲೋಟ ಹಿಡಿದರೂ ಮುಳ್ಳು ಚುಚ್ಚಿದಂತೆ. ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗಿ ಉಸಿರೇ ನಿಂತಿತೆಂದು ಗಾಬರಿಯಾಗುತ್ತದೆ. ಇದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಬಾಟಲಿಗಳ ಮೇಲೆ ಬಾಟಲಿ ಇಳಿದಂತೆ ಇನ್ನೊಂದು ಬಗೆಯದು ಬರುತ್ತದೆ: ಬೆರಳ ತುದಿ ಮತ್ತು ಪಾದ ಮರಗಟ್ಟುತ್ತವೆ, ಕೈಗವಸು ತೊಟ್ಟಂತೆ. ಇದು ಬೇಗ ಹೋಗುವುದಿಲ್ಲ. ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಹೆಚ್ಚುತ್ತಲೇ ಹೋಗುವುದುಂಟು, ಕೆಲವರಲ್ಲಿ ಕಡೆಯವರೆಗೂ ಉಳಿಯುತ್ತದೆ.

ಈಗ ಮಾಟುಂಗದ ಒಂದು ಹೊಟೇಲಿನ ಮೋರಿಯ ಬಳಿ ನಿಂತು ಬೆಳಗಿನಿಂದ ರಾತ್ರಿಯವರೆಗೆ ತಣ್ಣೀರಲ್ಲಿ ತಟ್ಟೆ ತೊಳೆಯುವ ಹುಡುಗನ ಮುಂದೆ ಈ ಔಷಧವನ್ನು ಇಟ್ಟು ನೋಡಿ. ಫ್ರಿಜ್ಜಿನಿಂದ ಹಾಲಿನ ಪಾಕೀಟು ತೆಗೆಯುವ ಮಾಣಿಯ ಮುಂದೆ ಇಡಿ. ಧಾರಾವಿಯಲ್ಲಿ ಗುಂಡಿ ಹಚ್ಚುವ, ಕಾಜಾ ಮಾಡುವ ಹೆಂಗಸಿನ ಮುಂದೆ ಇಡಿ. ಸೂಜಿ ಬೆರಳಿಗೆ ಚುಚ್ಚಿದ್ದೂ ತಿಳಿಯದ ಕೈಯಿಂದ ಅವಳು ದಿನಕ್ಕೆಷ್ಟು ನಗ ಮುಗಿಸಿಯಾಳು? ಬಾಂಬೂ ಕಟ್ಟಿದ ಪರಾಂಚಿಯ ಮೇಲೆ ನಿಲ್ಲುವ ವಿಜಯಪುರದ, ಕಲಬುರಗಿಯ ನಾಕಾ ಕಾಮಗಾರನಿಗೆ ಅಂಗಾಲು ಮರಗಟ್ಟಿದರೆ ಅದು ಎರಡನೆಯ ದರ್ಜೆಯ ಉಪದ್ರವವೋ ಮೂರನೆಯದೋ ಎಂಬ ಚರ್ಚೆ ಆಮೇಲೆ. ಮೊದಲು ಅವನು ಕೆಳಗೆ ಬೀಳುತ್ತಾನೆ. ಅದೇ ಗಲ್ಲೆಯ ಮೇಲೆ ಕೂತು ಲೆಕ್ಕ ಬರೆಯುವವನಿಗೆ ಇದೇ ಜುಮುಜುಮು ತೊಂದರೆಯೇ ಹೌದು, ಆದರೆ ಬಾಳಿಕೊಂಡು ಹೋಗಬಹುದಾದ ತೊಂದರೆ.

ಹಾಗಾದರೆ ಕೈಕೆಲಸದವರಿಗೆಲ್ಲ ಸಿಸ್‌ಪ್ಲಾಟಿನ್ನೇ ಸರಿಯೆಂದು ಯಾರಾದರೂ ಅವಸರದ ತೀರ್ಮಾನಕ್ಕೆ ಬಂದರೆ ಅದೂ ತಪ್ಪು. ಆ ದಾಯಾದಿಯ ಕೋಪ ಬೇರೆ ಕಡೆಗೆ. ಅದು ಮೂತ್ರಪಿಂಡಕ್ಕೆ ಬೀಳುತ್ತದೆ. ಕಿವಿಯಲ್ಲಿ ಗುಂಯ್ ಎನ್ನಿಸುತ್ತದೆ, ಎತ್ತರದ ಸ್ವರಗಳು ಕೇಳದಂತಾಗಬಹುದು. ಇದರಿಂದಲೂ ಕೈಕಾಲು ಮರಗಟ್ಟುವುದುಂಟು. ವಾಂತಿಗಂತೂ ಇದು ಹೆಸರಾದದ್ದು. ಈ ರೋಗಕ್ಕೆ ವಾರವಾರ ಸಣ್ಣ ಪ್ರಮಾಣದಲ್ಲಿ ಹಂಚಿ ಕೊಡುವುದರಿಂದ ದೊಡ್ಡ ಪ್ರಮಾಣದಷ್ಟು ಉಗ್ರವಾಗಿರದು, ನಿಜ. ಆದರೂ ಮೂತ್ರಪಿಂಡ ಕಾಯಲು ಔಷಧದ ಹಿಂದೆ ಮುಂದೆ ಸಲೈನು ಇಳಿಸಬೇಕು, ಅದಕ್ಕೆ ಗಂಟೆಗಟ್ಟಲೆ ಹಾಸಿಗೆ ಬೇಕು. ಮನೆಗೆ ಬಂದ ಮೇಲೂ ನೀರು ಚೆನ್ನಾಗಿ ಕುಡಿಯಬೇಕು. ದೋಸೆಯ ಭಟ್ಟಿಯ ಮುಂದೆ ಎಂಟು ಹತ್ತು ಗಂಟೆ ಬೆವರು ಸುರಿಸುವವನ ದೇಹದಲ್ಲಿ ನೀರೆಲ್ಲಿ ನಿಲ್ಲುತ್ತದೆ? ಅದರ ಮೇಲೆ ಮೈಕೈ ನೋವೆಂದು ಬೀದಿಯ ಮೆಡಿಕಲ್ ಸ್ಟೋರಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗುವ ಚಟ ನಮ್ಮವರಲ್ಲಿ ಮನೆಮನೆಯದು. ಸಿಸ್‌ಪ್ಲಾಟಿನ್ ನಡೆಯುತ್ತಿರುವಾಗ ಡಾಕ್ಟರರನ್ನು ಕೇಳದೆ ಅದನ್ನು ನುಂಗಿದರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಪೆಟ್ಟು. ಈ ಒಂದು ಮಾತನ್ನು ಎರಡು ನಿಮಿಷ ತೆಗೆದುಕೊಂಡು ಕನ್ನಡದಲ್ಲಿ ಹೇಳುವವರು ಬೇಕು.

ಜೆಮ್ಸಿಟಾಬಿನ್ ಎರಡೂ ಜೋಡಿಗಳಲ್ಲಿ ಇರುವುದರಿಂದ ಅದರ ಉಪದ್ರವ ಎರಡಕ್ಕೂ ಸಮಾನ: ದಣಿವು, ಜ್ವರದಂಥ ಮೈಬಿಸಿ, ರಕ್ತಕಣಗಳ ಇಳಿತ. ಎಬಿಸಿ-02ರಲ್ಲಿ ಬಿಳಿ ರಕ್ತಕಣಗಳು ತೀವ್ರವಾಗಿ ಇಳಿದದ್ದು ಜೆಮ್ಸಿಟಾಬಿನ್ ಒಂದನ್ನೇ ಪಡೆದ ನೂರರಲ್ಲಿ ಸುಮಾರು 17 ಮಂದಿಗೆ, ಜೋಡಿ ಪಡೆದವರಲ್ಲಿ 25 ಮಂದಿಗೆ. ಇದರ ಅರ್ಥವನ್ನು ಚಾಳಿನ ಭಾಷೆಯಲ್ಲಿ ಹೇಳಬೇಕೆಂದರೆ, ಕಾವಲುಗಾರರು ನಿದ್ದೆಹೋದ ಮನೆ. 100.4 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಕೂಡದು, ಕ್ರೋಸಿನ್ ನುಂಗಿ ಮಲಗಕೂಡದು, ಆಗಲೇ ಆಸ್ಪತ್ರೆಗೆ ಹೋಗಬೇಕು. ಪಿತ್ತಕೋಶದ ರೋಗದಲ್ಲಿ ಇನ್ನೊಂದು ತೊಡಕೂ ಉಂಟು. ಕಾಮಾಲೆ ಇಳಿಸಲು ಪಿತ್ತನಾಳದಲ್ಲಿ ಕೊಳವೆ ಇಟ್ಟಿರುತ್ತಾರೆ, ಅದನ್ನು ಸ್ಟೆಂಟ್ ಎನ್ನುತ್ತಾರೆ. ಅದು ಕಟ್ಟಿಕೊಂಡರೂ ಚಳಿಜ್ವರ ಬರುತ್ತದೆ, ಕಣ್ಣು ಮತ್ತೆ ಹಳದಿಯಾಗುತ್ತದೆ. ಜ್ವರ ರಕ್ತಕಣದ್ದೋ ಕೊಳವೆಯದ್ದೋ ಎಂದು ಮನೆಯಲ್ಲಿ ಕೂತು ನಿರ್ಣಯಿಸುವಂತಿಲ್ಲ. ಎರಡೂ ಜೀವಕ್ಕೆ ಅಪಾಯವೇ.

ರಾತ್ರಿ ಹನ್ನೊಂದಕ್ಕೆ ನಾಲಾಸೋಪಾರದಲ್ಲಿ ಜ್ವರ ಬಂದವನು ಪರೇಲಿಗೆ ಹೇಗೆ ಬರಬೇಕು ಎಂಬುದು ಯಾವ ಪ್ರಯೋಗದ ಕೋಷ್ಟಕದಲ್ಲೂ ಇರುವುದಿಲ್ಲ. ಹತ್ತಿರದಲ್ಲಿ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿ ಯಾವ ಕಾಗದ ತೋರಿಸಬೇಕು ಎಂದು ಮೊದಲ ಬಾಟಲಿಗೆ ಮುಂಚೆಯೇ ಬರೆದು ಕೊಡಲಿ ಎಂದು ನಾವು ಕೇಳುತ್ತೇವೆ. ಇದು ದೊಡ್ಡ ಬೇಡಿಕೆಯೇ?

ಇನ್ನು ಕೆಪೆಸಿಟಾಬಿನ್ ಎಂಬ ಮಾತ್ರೆ. ಬಾಟಲಿಯಿಲ್ಲ, ಹಾಸಿಗೆಯಿಲ್ಲ, ಮನೆಯಲ್ಲೇ ನುಂಗಬಹುದು ಎಂಬುದರಿಂದ ದುಡಿಯುವವನಿಗೆ ಇದು ವರವೆಂದೇ ತೋರುತ್ತದೆ. ಆದರೆ ಅಂಗೈ ಅಂಗಾಲು ಕೆಂಪೇರಿ, ಉರಿದು, ಸಿಪ್ಪೆ ಸುಲಿಯುವುದು ಇದರ ಗುಣ. ಬೆರಳಚ್ಚೇ ಅಳಿಸಿಹೋದ ರೋಗಿಗಳ ವಿಷಯ ವೈದ್ಯ ಪತ್ರಿಕೆಗಳಲ್ಲಿ ಬಂದಿದೆ. ಸಿಂಗಪುರದ ಒಬ್ಬ ರೋಗಿಯನ್ನು ಬೆರಳಚ್ಚು ಸಿಗದ್ದಕ್ಕೆ ಅಮೇರಿಕೆಯ ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸಿದ್ದರಂತೆ. ಅವನಿಗೆ ವಿಮಾನ ನಿಲ್ದಾಣ, ನಮ್ಮವನಿಗೆ ರೇಷನ್ ಅಂಗಡಿ. ಹೆಬ್ಬೆಟ್ಟು ಒತ್ತಿದರೆ ಯಂತ್ರ ‘ಇವನು ಅವನಲ್ಲ’ ಎನ್ನುತ್ತದೆ. ಕಾರಖಾನೆಯ ಬಾಗಿಲಲ್ಲೂ ಬೆರಳು ಒತ್ತುವ ಹಾಜರಿ ಯಂತ್ರವೇ. ಹಾಜರಿ ಬೀಳದಿದ್ದರೆ ಪಗಾರ ಕತ್ತರಿ. ಔಷಧದ ಉಪದ್ರವವನ್ನು ಟೈಮ್‌ಕೀಪರನ ಬಳಿ ವಾದಿಸಬೇಕಾದ ಕಾಲ ಬಂದಿದೆ ನೋಡಿ.

ಇದಕ್ಕೆ ಅಗ್ಗದ ಉಪಾಯವೊಂದನ್ನು ಏಮ್ಸ್‌ನವರೇ ಕಂಡುಹಿಡಿದರು. ಮೈಕೈ ನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಮುಲಾಮನ್ನೇ ಅಂಗೈಗೆ ಹಚ್ಚಿಸಿ ನೋಡಿದರು. 264 ರೋಗಿಗಳ ಆ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಬರಿಯ ಮುಲಾಮಿನವರಲ್ಲಿ ನೂರಕ್ಕೆ 15 ಮಂದಿಗೆ ಕೈ ಕಾಲು ತೊಂದರೆ ಕೊಡುವಷ್ಟು ಸುಲಿದಿದ್ದರೆ, ಡೈಕ್ಲೊಫೆನಾಕ್ ಹಚ್ಚಿದವರಲ್ಲಿ ಸುಮಾರು 4 ಮಂದಿಗೆ ಮಾತ್ರ. (ಹಚ್ಚುವುದು ಬೇರೆ, ನುಂಗುವುದು ಬೇರೆ, ಮೇಲೆ ಮಾತ್ರೆಯ ವಿಷಯ ಹೇಳಿದ್ದನ್ನು ಇದರೊಂದಿಗೆ ಬೆರೆಸಬೇಡಿ. ಹಚ್ಚುವುದಾದರೂ ನಿಮ್ಮ ಡಾಕ್ಟರರನ್ನು ಕೇಳಿಯೇ ಹಚ್ಚಿ.)

ವಾಂತಿಯ ವಿಷಯದಲ್ಲಿ ನಮ್ಮ ಪರೇಲಿನವರೇ ಒಳ್ಳೆಯ ಕೆಲಸ ಮಾಡಿದ್ದಾರೆ. ಉಗ್ರ ವಾಂತಿ ತರುವ ಕಿಮೋಗೆ ಓಲಾಂಜಪಿನ್ ಮಾತ್ರೆಯನ್ನು 10 ಮಿಲಿಗ್ರಾಂ ಕೊಡುವುದು ಪಾಠವಾಗಿತ್ತು. ವಾಂತಿ ನಿಲ್ಲುತ್ತಿತ್ತು, ಆದರೆ ರೋಗಿ ಹಗಲೆಲ್ಲ ತೂಕಡಿಸುತ್ತಿದ್ದ. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬರೇ 2.5 ಮಿಲಿಗ್ರಾಂ ಕೊಟ್ಟರೂ ವಾಂತಿ ತಡೆಯುವುದರಲ್ಲಿ ಕೊರತೆಯಿಲ್ಲ, ತೂಕಡಿಕೆ ಎಷ್ಟೋ ಕಡಿಮೆ ಎಂದು 2024ರಲ್ಲಿ ತೋರಿಸಿದರು. ಮಾತ್ರೆಯ ಕಾಲುಭಾಗ ಸಾಕೆನ್ನುವ ಇಂಥ ವಿಚಾರವನ್ನು ಔಷಧದ ಕಂಪನಿ ತಾನಾಗಿ ಹುಡುಕಿಕೊಂಡು ಬರುವುದಿಲ್ಲ. ರೋಗಿಯ ಹಗಲನ್ನು ಅವನಿಗೆ ಉಳಿಸಿಕೊಡುವ ಈ ಬಗೆಯ ವಿಜ್ಞಾನಕ್ಕೆ ನಾವು ಕೈಮುಗಿಯುತ್ತೇವೆ.

ಎರಡು ಸೇರಿದರೆ ಒಳ್ಳೆಯದಾಯಿತು, ಮೂರು ಸೇರಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಮೋಹವೂ ಉಂಟು. ಜೆಮ್ಸಿಟಾಬಿನ್, ಸಿಸ್‌ಪ್ಲಾಟಿನ್ ಜೊತೆಗೆ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಮೂರನೆಯದನ್ನು ಸೇರಿಸಿದ ಅಮೇರಿಕೆಯ ಪ್ರಯೋಗ 441 ಮಂದಿಯಲ್ಲಿ ನಡೆದು 2023ರಲ್ಲಿ ಹೊರಬಂತು. 14 ತಿಂಗಳು ಮತ್ತು 12.7 ತಿಂಗಳು; ಸಂಖ್ಯಾಶಾಸ್ತ್ರ ಒಪ್ಪುವಷ್ಟು ಅಂತರವಿಲ್ಲ, ರಕ್ತದ ಉಪದ್ರವ ಮಾತ್ರ ಹೆಚ್ಚು. ಮೊದಲ ಚಿಕಿತ್ಸೆ ಸೋತ ಮೇಲೆ ಏನು ಕೊಡಬೇಕೆಂಬುದಕ್ಕೆ ಟಾಟಾದವರು ಬೇರೆ ಕೇಂದ್ರಗಳೊಡನೆ ಕೂಡಿ 98 ಮಂದಿ ಪಿತ್ತಕೋಶದ ರೋಗಿಗಳಲ್ಲಿ ಮಾಡಿದ ಪ್ರಯೋಗವೂ 2021ರಲ್ಲಿ ಇದೇ ಪಾಠ ಹೇಳಿತು: ಇರಿನೊಟೆಕಾನ್ ಒಂದನ್ನೇ ಕೊಟ್ಟವರಿಗಿಂತ ಅದರ ಜೊತೆ ಕೆಪೆಸಿಟಾಬಿನ್ ಜೋಡಿಸಿದವರು ಹೆಚ್ಚು ಬದುಕಲಿಲ್ಲ. ಇರಿನೊಟೆಕಾನ್ ಎಂದರೆ ಭೇದಿ. ಐವತ್ತು ಮನೆಗೆ ನಾಲ್ಕು ಪಾಯಿಖಾನೆಯಿರುವ ಚಾಳಿನಲ್ಲಿ, ಕೈಯಲ್ಲಿ ಡಬ್ಬ ಹಿಡಿದು ಸರದಿ ನಿಲ್ಲುವವರ ನಡುವೆ ಭೇದಿಯೆಂದರೆ ಏನೆಂದು ನಾವು ಬಣ್ಣಿಸಬೇಕಾಗಿಲ್ಲ. ಲಾಭವಿಲ್ಲದ ಕಡೆ ಒಂದು ಔಷಧ ಕಡಿಮೆ ಮಾಡುವುದೂ ಚಿಕಿತ್ಸೆಯೇ.

ಹೊಸದಾಗಿ ಜೋಡಿಯ ಮೇಲೆ ಡರ್ವಾಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ದುಬಾರಿ ಔಷಧಗಳನ್ನು ಸೇರಿಸುತ್ತಾರೆ. 2022ರ ಟೋಪಾಜ್-1 ಪ್ರಯೋಗದಲ್ಲಿ 11.5 ತಿಂಗಳು 12.8 ಆಯಿತು. ಉಪದ್ರವವೂ ಬೇರೆ ಬಗೆಯದು, ದೇಹದ ರಕ್ಷಣಾಶಕ್ತಿಯೇ ಥೈರಾಯ್ಡು, ಕರುಳು, ಶ್ವಾಸಕೋಶದ ಮೇಲೆ ತಿರುಗಿ ಬೀಳಬಹುದು. ಬೆಲೆಯಂತೂ ಹೊಟೇಲು ಕಾರ್ಮಿಕನ ಪಗಾರಕ್ಕೆ ನಿಲುಕದು. ಊರ ಹೊಲ ಮಾರಿಸುವ ಮುಂಚೆ, ಸಿಗುವುದು ಇಷ್ಟು, ಹೋಗುವುದು ಇಷ್ಟು ಎಂದು ಬಾಯಿಬಿಟ್ಟು ಹೇಳಬೇಕು.

‘ಇದನ್ನೆಲ್ಲ ಹೇಳಿದರೆ ರೋಗಿ ಹೆದರಿ ಓಡಿಹೋಗುತ್ತಾನೆ’ ಎಂಬ ವಾದವನ್ನು ನಾವು ಬಹಳ ಕೇಳಿದ್ದೇವೆ. ನಮ್ಮವರೇ, ಅಣ್ಣತಮ್ಮಂದಿರೇ ಡಾಕ್ಟರರ ಕಿವಿಯಲ್ಲಿ ‘ಅವಳಿಗೆ ಹೇಳಬೇಡಿ’ ಎಂದು ಪಿಸುಗುಟ್ಟುವುದೂ ಗೊತ್ತಿದೆ. ಹೆದರಿ ಓಡುವವನು ಯಾರು? ಮೊದಲೇ ತಿಳಿಯದೆ, ಮೂರನೆಯ ಬಾಟಲಿಯ ರಾತ್ರಿ ಗಂಟಲು ಹಿಡಿದಾಗ ಸಾವೇ ಬಂತೆಂದು ಭ್ರಮಿಸಿದವನು. ತಣ್ಣೀರು ಕುಡಿದದ್ದರಿಂದ ಹೀಗಾಯಿತು, ಬಿಸಿನೀರು ಕುಡಿದರೆ ಹೋಗುತ್ತದೆ ಎಂದು ಬಲ್ಲವನು ಮುಂದಿನ ವಾರವೂ ಬರುತ್ತಾನೆ. ಇನ್ನೊಂದು ಬಗೆಯವನೂ ಇದ್ದಾನೆ. ಹೇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆಂದು ಹೆದರಿ ಬೆರಳು ಮರಗಟ್ಟಿದ್ದನ್ನು ಮುಚ್ಚಿಡುವವನು. ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ ಎಂದು ಸಕಾಲದಲ್ಲಿ ಹೇಳಿದರೆ ಡಾಕ್ಟರರು ಪ್ರಮಾಣ ಇಳಿಸಬಹುದು, ಆಕ್ಸಾಲಿಪ್ಲಾಟಿನ್ ಬಿಟ್ಟು ಮಿಕ್ಕದ್ದನ್ನು ಮುಂದುವರಿಸಬಹುದು. ಮುಚ್ಚಿಟ್ಟ ಮೇಲೆ ಉಳಿಯುವುದು ಮರಗಟ್ಟಿದ ಕೈ.

ಎಷ್ಟೋ ಕಡೆ ನಮ್ಮವನು ಒಪ್ಪಿಗೆಯ ಸಹಿ ಹಾಕುವ ಕಾಗದ ಅವನಿಗೆ ಓದಲು ಬಾರದ ಭಾಷೆಯಲ್ಲಿರುತ್ತದೆ. ಹಿಂದಿ ಬರುತ್ತದೆಂದು ತಲೆಯಾಡಿಸುತ್ತಾನೆ; ಗಿರಾಕಿಗೆ ಇಡ್ಲಿ-ವಡೆ ಕೊಡುವ ಹಿಂದಿಯಲ್ಲಿ ಮೂತ್ರಪಿಂಡದ ಮಾತು ಅರ್ಥವಾಗುವುದೇ? ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಬರಗಾಲವಿಲ್ಲ. ಸನ್ಮಾನದ ಶಾಲು, ಹಾರ, ನೆನಪಿನ ಸಂಚಿಕೆಗಳ ಖರ್ಚಿನಲ್ಲಿ ಒಂದು ಪಾಲು ಉಳಿಸಿದರೆ ಪ್ರತಿ ಜೋಡಿ ಔಷಧಕ್ಕೂ ಒಂದು ಪುಟದ ಕನ್ನಡ ಹಾಳೆ ಅಚ್ಚುಹಾಕಿಸಬಹುದು, ಕ್ಯಾನ್ಸರ್ ವೈದ್ಯರಿಂದ ತಿದ್ದಿಸಿ. ಹಗಲು ಪಾಳಿ ಇಲ್ಲದ ನಾಲ್ವರು ಯುವಕರು ಸರದಿಯಂತೆ ರೋಗಿಯ ಜೊತೆ ಹೋಗಿ ದುಭಾಷಿಗಳಾಗಬಹುದು.

ಮಾಲಕರಿಗೂ ಒಂದು ಮಾತಿದೆ. ಇ.ಎಸ್.ಐ. ಕಾರ್ಡಿರುವ ಕಾರ್ಮಿಕನಿಗೆ ಮೊದಲ 91 ದಿನ ಪಗಾರದ ನೂರಕ್ಕೆ 70ರಂತೆ ಕಾಯಿಲೆ ಭತ್ಯೆ ಉಂಟು. ಕ್ಯಾನ್ಸರು ದೀರ್ಘ ರೋಗಗಳ ಪಟ್ಟಿಯಲ್ಲಿರುವುದರಿಂದ, ಎರಡು ವರ್ಷದ ವಿಮಾ ನೌಕರಿ ಮತ್ತು ನಿಗದಿಯಾದಷ್ಟು ದಿನಗಳ ವಂತಿಗೆ ತುಂಬಿದವನಿಗೆ ಆಮೇಲೆ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ವಿಸ್ತರಿಸಲು ಅವಕಾಶವಿದೆ. ‘ವಂತಿಗೆ ತುಂಬಿದವನಿಗೆ’ ಎಂಬ ಮಾತನ್ನು ಗಮನಿಸಿ. ಪಗಾರಿನಿಂದ ಕತ್ತರಿಸಿಕೊಂಡು ತುಂಬದ, ಇಪ್ಪತ್ತು ಮಂದಿ ದುಡಿಯುವಲ್ಲಿ ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರು ತೋರಿಸುವ ಧಣಿ, ಅಂಥವನ ಕಿಮೋದ ಹಾಸಿಗೆಯಿಂದಲೇ ಕದಿಯುತ್ತಿದ್ದಾನೆ. ನಾಕಾದಲ್ಲಿ ನಿಲ್ಲುವವನಿಗೆ, ಮನೆಗೆಲಸದ ಅಕ್ಕಂದಿರಿಗೆ ಈ ಭತ್ಯೆಯೂ ಇಲ್ಲ. ಅವರ ಪ್ರಶ್ನೆ ಸರಕಾರದ ಮುಂದೆ ಹಾಗೆಯೇ ಬಿದ್ದಿದೆ.

ಜೋಡಿ ಔಷಧ ಮೂರು ವಾರಕ್ಕೊಂದು ಸುತ್ತು. ಮೊದಲ ದಿನ, ಎಂಟನೆಯ ದಿನ ಬಾಟಲಿ, ಆ ಎರಡಕ್ಕೂ ಮುಂಚೆ ರಕ್ತ ಪರೀಕ್ಷೆ. ಇಪ್ಪತ್ತೊಂದು ದಿನಗಳಲ್ಲಿ ನಾಲ್ಕು ದಿನ ಹೋಯಿತು, ದಣಿವಿನ ದಿನಗಳು ಬೇರೆ. ಇಷ್ಟಾದರೂ ಮಿಕ್ಕ ದಿನ ಕೆಲಸಕ್ಕೆ ಬರುತ್ತೇನೆನ್ನುವವನಿಗೆ ಭಟ್ಟಿಯಿಂದ ಗಲ್ಲೆಗೆ, ಮೋರಿಯಿಂದ ತರಕಾರಿ ಆರಿಸುವ ಮೂಲೆಗೆ ಬದಲಿ ಕೊಡಲು ಧಣಿಗೆ ನಷ್ಟವೇನು? ಆಕ್ಸಾಲಿಪ್ಲಾಟಿನ್ನಿನವನನ್ನು ತಣ್ಣೀರಿನಿಂದ, ಸಿಸ್‌ಪ್ಲಾಟಿನ್ನಿನವನನ್ನು ಬೆಂಕಿಯಿಂದ ದೂರವಿಡಿ. ಈ ಎರಡನ್ನು ಹೊಟೇಲಿನ ಮೆನೇಜರನೂ ನೆನಪಿಡಬಹುದು. ಮುಂಬಯಿಯ ಲೋಕಲ್ ಗಾಡಿಯ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಪ್ರವೇಶವಿದೆ, ಆಸ್ಪತ್ರೆಯ ಪ್ರಮಾಣಪತ್ರ ಜೇಬಿನಲ್ಲಿರಲಿ. ರಕ್ತಕಣ ಇಳಿದವನು ಬೆಳಗಿನ ಎಂಟೂವರೆಯ ಡೊಂಬಿವಿಲಿ ಗಾಡಿಯಲ್ಲಿ ಜನರ ಬೆವರು ಕೆಮ್ಮುಗಳ ನಡುವೆ ತೂಗಾಡಿಕೊಂಡು ಬರಬೇಕಾಗಿಲ್ಲ.